ಮನೆಯೊಳಗಿನ ಗಿಡಗಳಿಗೆ ದಿನವೂ ನೀರು ಹಾಕಬೇಕೇ?

ಬೆಂಗಳೂರಿನ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಇಟ್ಟಿರುವ ಮನಿ ಪ್ಲಾಂಟ್, ಪೀಸ್ ಲಿಲಿ ಮತ್ತು ಮಾನ್‌ಸ್ಟೆರಾ ಗಿಡಗಳಿಗೆ ಪ್ರತಿದಿನ ಬೆಳಿಗ್ಗೆ ತಪ್ಪದೆ ಒಂದೊಂದು ಲೋಟ ನೀರು ಹಾಕುತ್ತಿದ್ದರೂ ಎಲೆಗಳು ಹಳದಿಯಾಗುತ್ತಿವೆ, ಪೀಸ್ ಲಿಲಿಯಂತೂ ಪೂರ್ತಿ ಜೋತುಬಿದ್ದಿದೆ, ನೀರನ್ನು ಇನ್ನೂ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹೆಚ್ಚಿಸಬೇಡಿ. ಮೊದಲು ಮಣ್ಣಿನೊಳಗೆ ಎರಡು ಇಂಚು ಆಳಕ್ಕೆ ಬೆರಳು ಇಳಿಸಿ ನೋಡಿ. ಅಲ್ಲಿ ತಣ್ಣಗೆ, ಒದ್ದೆಯಾಗಿ ಇದ್ದರೆ ಇಂದಿನ ಲೋಟವನ್ನೂ ಹಾಕಬೇಡಿ.

ನನ್ನ ಮೊದಲ ಪೀಸ್ ಲಿಲಿಯನ್ನು ನಾನು ಕಳೆದುಕೊಂಡದ್ದು ಹೀಗೆಯೇ. ಎಲೆ ಬಾಡಿತು, ಬಾಯಾರಿದೆ ಎಂದುಕೊಂಡು ನೀರು ಹಾಕಿದೆ. ಮರುದಿನ ಇನ್ನಷ್ಟು ಬಾಡಿತು, ಮತ್ತೆ ಹಾಕಿದೆ. ಕೊನೆಗೆ ಕುಂಡವನ್ನು ಮಗುಚಿದಾಗ ಚರಂಡಿಯಂತಹ ವಾಸನೆ ಬಂತು. ಒಂದು ಬೇರನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲನೆ ಎಳೆದರೆ ಕಂದುಬಣ್ಣದ ಸಿಪ್ಪೆ ಲೋಳೆಯಂತೆ ಕಳಚಿ ಬಂದು, ಒಳಗೆ ದಾರದಂತಹ ಎಳೆಯೊಂದು ಮಾತ್ರ ಉಳಿಯುತ್ತಿತ್ತು. ನೀರನ್ನು ಹೀರುವ ಬೇರೇ ಕೊಳೆತುಹೋದ ಮೇಲೆ, ಒದ್ದೆ ಮಣ್ಣಿನ ನಡುವೆ ನಿಂತಿದ್ದರೂ ಗಿಡ ನೀರಿಲ್ಲದೆ ಬಾಡುತ್ತದೆ. ಒಣಗಿದ ಗಿಡವೂ ಕೊಳೆತ ಗಿಡವೂ ಒಂದೇ ರೀತಿ ಜೋತುಬೀಳುವುದರಿಂದ ಎಲೆಯನ್ನಷ್ಟೇ ನೋಡಿ ನೀರು ಹಾಕುವವರು ಮೋಸಹೋಗುತ್ತಾರೆ. ನಿಜವಾಗಿ ಬಾಯಾರಿದ ಪೀಸ್ ಲಿಲಿ ನೀರು ಕಂಡ ಕೆಲವೇ ಗಂಟೆಗಳಲ್ಲಿ ತಲೆ ಎತ್ತುತ್ತದೆ. ಎತ್ತಲಿಲ್ಲವೆಂದರೆ ತೊಂದರೆ ಬೇರಿನಲ್ಲಿದೆ ಎಂದು ತಿಳಿಯಬೇಕು.

ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರಬೇಕು. ಅಲ್ಲೆಲ್ಲ ಸದಾ ನೀರೇ ತುಂಬಿದ್ದರೆ ಆಮ್ಲಜನಕ ತಲುಪದೆ ಬೇರು ಸೊರಗುತ್ತದೆ, ಸೊರಗಿದ ಬೇರಿಗೆ ಪಿಥಿಯಂ, ಫೈಟಾಫ್ಥೊರಾದಂತಹ ರೋಗಕಾರಕಗಳು ಅಂಟುತ್ತವೆ. ಮಲೆನಾಡಿನವರಿಗೆ ಈ ಎರಡನೆಯದು ಹೊಸದಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗವನ್ನೂ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗವನ್ನೂ ತರುವುದು ಇದೇ ಕುಲದ ಜೀವಿಗಳು.

ದಿನಕ್ಕೊಂದು ಲೋಟ ಎಂಬ ರೂಢಿ ನಮಗೆ ಬಂದಿರುವುದು ತುಳಸಿಕಟ್ಟೆಯಿಂದ ಎಂದು ನನ್ನ ಎಣಿಕೆ. ಆದರೆ ತುಳಸಿ ಅಂಗಳದ ಬಿಸಿಲು ಗಾಳಿಯಲ್ಲಿ ನಿಂತಿರುತ್ತದೆ, ಬೆಳಿಗ್ಗೆ ಹಾಕಿದ ನೀರು ಸಂಜೆಯೊಳಗೆ ಬಹುಪಾಲು ಆರಿರುತ್ತದೆ. ಹಾಲ್‌ನ ಮೂಲೆಯಲ್ಲಿರುವ ಗಿಡಕ್ಕೆ ಸಿಗುವ ಬೆಳಕು ಅದರ ಸಣ್ಣದೊಂದು ಪಾಲು ಮಾತ್ರ, ಅದು ಕುಡಿಯುವ ನೀರೂ ಅಷ್ಟೇ ಕಡಿಮೆ. ನೀವು ಹೆಸರಿಸಿದ ಮೂರೂ ಗಿಡಗಳು ನಮ್ಮ ಕೆಸುವಿನ ಕುಟುಂಬಕ್ಕೆ ಸೇರಿದವು. ಕೆಸು ನೀರಿನ ಕಾಲುವೆಯ ಬದಿಯಲ್ಲಿ ಸೊಂಪಾಗಿ ಬೆಳೆಯುತ್ತದೆಂದು ಅದರ ನೆಂಟರೂ ಹಾಗೆಯೇ ಇರಬೇಕಿಲ್ಲ. ಮೆಕ್ಸಿಕೋದ ದಕ್ಷಿಣದಿಂದ ಪನಾಮಾವರೆಗಿನ ಕಾಡುಗಳ ಮಾನ್‌ಸ್ಟೆರಾವೂ, ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ ಮೂಲದ ಮನಿ ಪ್ಲಾಂಟೂ ಮರಕ್ಕೆ ಹಬ್ಬುವ ಬಳ್ಳಿಗಳು. ಅವುಗಳ ಬೇರುಗಳು ತೊಗಟೆಯ ಮೇಲೆ ಮಳೆಯಲ್ಲಿ ನೆನೆದು ಗಾಳಿಗೆ ಆರಿ ಬದುಕಬಲ್ಲವು. ಪೀಸ್ ಲಿಲಿ ಮಾತ್ರ ಕಾಡಿನ ನೆಲದ ಗಿಡವಾದ್ದರಿಂದ ಸ್ವಲ್ಪ ಹೆಚ್ಚು ತೇವ ಬಯಸುತ್ತದೆ. ಕೆಸುವಿನಂತೆ ಇವುಗಳ ರಸವೂ ತುರಿಕೆ ತರುತ್ತದೆ, ಆದ್ದರಿಂದ ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಬಾಯಿಗೆ ಎಟುಕದಂತೆ ಇಡಿ.

ಇನ್ನು ಕುಂಡದ ವಿಷಯ. ತಳದಲ್ಲಿ ತೂತಿಲ್ಲದ ಕುಂಡ ಎಷ್ಟೇ ಚೆಂದವಿದ್ದರೂ ಗಿಡವನ್ನು ನೇರವಾಗಿ ಅದರಲ್ಲಿ ನೆಡಬೇಡಿ. ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು, ಅದನ್ನು ಚೆಂದದ ಕುಂಡದೊಳಗೆ ಇಳಿಸಬಹುದು. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ವಾಸ್ತವದಲ್ಲಿ ಸಣ್ಣ ಕಣಗಳ ಮಣ್ಣಿನಿಂದ ನೀರು ಒರಟು ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ಕೆಳಪದರ ಪೂರ್ತಿ ತೊಯ್ದ ಮೇಲಷ್ಟೇ ಇಳಿಯುತ್ತದೆ. ಹೀಗಾಗಿ ಸದಾ ಒದ್ದೆಯಾಗಿರುವ ಆ ಪದರ ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಬರುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಜಲ್ಲಿಯನ್ನು ಬಿಟ್ಟುಬಿಡಿ. ಕುಂಡ ಬದಲಿಸುವಾಗ ಹಳೆಯದಕ್ಕಿಂತ ಒಂದೆರಡು ಇಂಚು ಮಾತ್ರ ಅಗಲವಾದುದನ್ನು ತೆಗೆದುಕೊಳ್ಳಿ, ಏಕೆಂದರೆ ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಕುಳಿತಿರುತ್ತದೆ.

ನರ್ಸರಿಗಳಿಂದ ಬರುವ ಗಿಡಗಳ ಬುಡದಲ್ಲಿ ಸಾಮಾನ್ಯವಾಗಿ ಅಂಟಾದ ಕೆಮ್ಮಣ್ಣು ಇರುತ್ತದೆ. ಹೊರಗಿನ ತೋಟಕ್ಕೆ ಅದು ಸರಿ, ಮನೆಯೊಳಗಿನ ಕುಂಡದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನಾನು ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ತೆಂಗಿನ ಸಿಪ್ಪೆಯ ತುಂಡು, ಒಂದು ಪಾಲು ಪರ್ಲೈಟ್ (ಮಣ್ಣನ್ನು ಸಡಿಲಗೊಳಿಸುವ ಹಗುರವಾದ ಬಿಳಿ ಖನಿಜದ ಹರಳು), ಒಂದು ಪಾಲು ಎರೆಹುಳು ಗೊಬ್ಬರ ಬೆರೆಸುತ್ತೇನೆ. ಮಾನ್‌ಸ್ಟೆರಾಕ್ಕೆ ಸಿಪ್ಪೆಯ ತುಂಡನ್ನು ಇಮ್ಮಡಿ ಮಾಡುತ್ತೇನೆ. ಪರ್ಲೈಟ್ ಸಿಗದಿದ್ದರೆ ಸುಟ್ಟ ಭತ್ತದ ಹೊಟ್ಟು ಆಗುತ್ತದೆ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಅದನ್ನು ಎರಡು ಮೂರು ಸಲ ತೊಳೆದು ಹಿಂಡಿದ ಮೇಲೆಯೇ ಬಳಸಿ.

ನೀರು ಹಾಕುವಾಗ ಸಂಕೋಚವಿಲ್ಲದೆ ಹಾಕಿ. ಕುಂಡವನ್ನು ಬಚ್ಚಲಿಗೆ ಒಯ್ದು, ತಳದ ತೂತಿನಿಂದ ಧಾರಾಳವಾಗಿ ಹರಿಯುವವರೆಗೆ ಸುತ್ತಲೂ ಹಾಕಿ, ಪೂರ್ತಿ ಬಸಿದ ಮೇಲೆ ಸ್ವಸ್ಥಾನಕ್ಕೆ ತನ್ನಿ. ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಆಗ ಕುಂಡವನ್ನೊಮ್ಮೆ ಎತ್ತಿ ಭಾರವನ್ನು ಗಮನಿಸಿ. ನಾಲ್ಕೈದು ದಿನಗಳ ನಂತರ ಮತ್ತೆ ಎತ್ತಿ ನೋಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ, ಕೆಲವು ವಾರಗಳಲ್ಲಿ ಬೆರಳು ಇಳಿಸುವ ಅಗತ್ಯವೂ ಇರುವುದಿಲ್ಲ. ನನ್ನ ಮಾನ್‌ಸ್ಟೆರಾ ಬೆಂಗಳೂರಿನ ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಐದಾರು ದಿನಕ್ಕೊಮ್ಮೆ ಕೇಳಿದರೆ, ಮೋಡ ಮುಚ್ಚಿದ ಜುಲೈನಲ್ಲಿ ಹನ್ನೆರಡು ದಿನವಾದರೂ ಕೇಳುವುದಿಲ್ಲ. ಕುಡಿಯುವ ನೀರಿನ ಆರ್‌ಓ ಯಂತ್ರ ಹೊರಬಿಡುವ ನೀರನ್ನು ಅನೇಕರು ಗಿಡಗಳಿಗೆ ಹಾಕುತ್ತಾರೆ. ಅದರಲ್ಲಿ ಲವಣ ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ಬೇಡ, ನೆಲ ಒರೆಸಲು ಇರಲಿ.

ನಿಮ್ಮ ಪೀಸ್ ಲಿಲಿಯನ್ನು ಇಂದೇ ಕುಂಡದಿಂದ ಹೊರತೆಗೆಯಿರಿ. ಮೆತ್ತಗಾದ ಕಂದು ಬೇರುಗಳನ್ನೆಲ್ಲ ಶುದ್ಧವಾದ ಕತ್ತರಿಯಿಂದ ಕತ್ತರಿಸಿ, ಗಟ್ಟಿಯಾದ ಬಿಳಿ ಬೇರುಗಳನ್ನು ಉಳಿಸಿಕೊಳ್ಳಿ. ಉಳಿದ ಬೇರಿಗೆ ಹೊಂದುವಷ್ಟು ಚಿಕ್ಕ ಕುಂಡದಲ್ಲಿ ಹೊಸ ಮಿಶ್ರಣ ಹಾಕಿ ನೆಟ್ಟು, ಹಳದಿಯಾದ ಎಲೆಗಳನ್ನು ತೆಗೆದು, ನೇರ ಬಿಸಿಲು ಬೀಳದ ಆದರೆ ಬೆಳಕಿರುವ ಕಿಟಕಿಯ ಬಳಿ ಇಡಿ. ಒಮ್ಮೆ ನೀರು ಹಾಕಿದ ಮೇಲೆ ಮೇಲಿನ ಒಂದು ಇಂಚು ಆರುವವರೆಗೆ ಕಾಯಿರಿ. ಕೆಲವು ವಾರ ಗಿಡ ಸುಮ್ಮನೆ ನಿಂತಂತೆ ಕಾಣಬಹುದು. ನಡುವಿನಿಂದ ಸುರುಳಿ ಸುತ್ತಿದ ಹೊಸ ಎಲೆಯೊಂದು ತುದಿ ತೋರಿಸುವವರೆಗೆ ಗೊಬ್ಬರ ಕೊಡಬೇಡಿ.