ಪೋಲಾ ನೆಗ್ರಿಯ ಗ್ರಾಮಫೋನ್ ತಟ್ಟೆ: ಹಾಡಿರುವುದು ಆ ಮೂಕಿ ನಟಿಯೇ

ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕಿದ ಜರ್ಮನ್ ತಟ್ಟೆಯ ಮೇಲೆ ‘ಪೋಲಾ ನೆಗ್ರಿ’ ಮತ್ತು ‘ಟಾಂಗೊ ನೊಟುರ್ನೊ’ ಎಂಬ ಹೆಸರುಗಳಿವೆ, ಮೂಕಿ ಚಿತ್ರಗಳ ಆ ನಟಿ ಹಾಡಿದ್ದುಂಟೇ, ಉಂಟಾದರೆ ತಟ್ಟೆಯನ್ನು ತೊಳೆದು ಕೇಳುವುದು ಹೇಗೆ ಎಂದು ತಾವು ಕೇಳಿದ್ದೀರಿ. ಹಾಡಿರುವುದು ಆಕೆಯೇ. ಅದೇ ಹೆಸರಿನ 1937ರ ಜರ್ಮನ್ ಚಿತ್ರದಲ್ಲಿ ಆಕೆ ನಟಿಸಿ ಹಾಡಿದ್ದರು.

ಹೆಸರು ನೋಡಿ ಇಟಲಿಯವರೆಂದು ಭಾವಿಸುವವರು ಬಹಳ. ಹುಟ್ಟುಹೆಸರು ಅಪೊಲೋನ್ಯಾ ಹವುಪ್ಯೆತ್ಸ್. ಹುಟ್ಟಿದ್ದು 1897ರಲ್ಲಿ, ಆಗ ರಷ್ಯಾದ ಆಳ್ವಿಕೆಗೆ ಒಳಪಟ್ಟಿದ್ದ ಪೋಲೆಂಡಿನ ಲಿಪ್ನೊ ಎಂಬ ಸಣ್ಣ ಊರಿನಲ್ಲಿ. ತಂದೆಯನ್ನು ರಷ್ಯಾದ ಅಧಿಕಾರಿಗಳು ಸೆರೆಹಿಡಿದು ಸೈಬೀರಿಯಾಕ್ಕೆ ಕಳುಹಿಸಿದ ಮೇಲೆ ತಾಯಿ ಮಗಳಿಬ್ಬರೂ ವಾರ್ಸಾ ನಗರದಲ್ಲಿ ಬಡತನದಲ್ಲಿ ದಿನ ಕಳೆದರು. ಬ್ಯಾಲೆ ಕಲಿಯುತ್ತಿದ್ದ ಹುಡುಗಿಗೆ ಕ್ಷಯ ತಗುಲಿ ನೃತ್ಯ ನಿಂತುಹೋಯಿತು. ಆ ಬಳಿಕ ನಾಟಕದ ಕಡೆ ತಿರುಗಿದಾಗ, ತಾನು ಮೆಚ್ಚಿದ ಇಟಲಿಯ ಕವಯಿತ್ರಿ ಆದಾ ನೆಗ್ರಿಯವರ ಹೆಸರಿನಿಂದ ‘ನೆಗ್ರಿ’ಯನ್ನು ಎತ್ತಿಕೊಂಡರು.

1917ರಲ್ಲಿ ಬರ್ಲಿನ್ ಸೇರಿದ ಆಕೆಯನ್ನು ಜಗತ್ತಿಗೆ ಪರಿಚಯಿಸಿದ್ದು ಎರ್ನ್ಸ್ಟ್ ಲುಬಿಚ್ ನಿರ್ದೇಶಿಸಿದ, 1919ರ ‘ಮದಾಮ್ ದುಬಾರಿ’. ಆ ಗೆಲುವಿನ ಬಲದಿಂದ 1922ರಲ್ಲಿ ಪ್ಯಾರಾಮೌಂಟ್ ಸಂಸ್ಥೆ ಹಾಲಿವುಡ್ಡಿಗೆ ಕರೆಸಿಕೊಂಡಿತು. ಅಲ್ಲಿನ ವರ್ಷಗಳ ಬಗ್ಗೆ ನಟರಾದ ಚಾಪ್ಲಿನ್, ವ್ಯಾಲೆಂಟಿನೊ ಅವರೊಂದಿಗಿನ ಪ್ರೇಮದ ಸುದ್ದಿಯೇ ಹೆಚ್ಚಾಗಿ ಉಳಿದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. 1926ರಲ್ಲಿ ವ್ಯಾಲೆಂಟಿನೊ ತೀರಿಕೊಂಡಾಗ ಆಕೆ ಎಲ್ಲರೆದುರು ಗೋಳಾಡಿದ್ದನ್ನು ಪತ್ರಿಕೆಗಳು ನಾಟಕವೆಂದು ಆಡಿಕೊಂಡವು ಎಂಬುದಷ್ಟನ್ನು ಹೇಳಿದರೆ ಸಾಕು.

ತಮ್ಮ ಸಂದೇಹದ ಮೂಲ ಬೇರೆ ಕಡೆ ಇದೆ. ವಾಕ್ಚಿತ್ರ ಬಂದೊಡನೆ ಪೋಲಿಷ್ ಉಚ್ಚಾರಣೆಯ ಕಾರಣದಿಂದ ಆಕೆಯ ವೃತ್ತಿ ಮುಗಿಯಿತು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಪ್ಯಾರಾಮೌಂಟ್ ಜೊತೆಗಿನ ಸಂಬಂಧ 1928ರಲ್ಲಿ ಕೊನೆಗೊಂಡಾಗ ಆಕೆ ಅಲ್ಲಿ ಒಂದು ಚಿತ್ರದಲ್ಲೂ ಮಾತನಾಡಿರಲಿಲ್ಲ. ಆಕೆಯ ಮೊದಲ ಅಮೆರಿಕನ್ ವಾಕ್ಚಿತ್ರವಾದ, 1932ರ ‘ಎ ವುಮನ್ ಕಮಾಂಡ್ಸ್’ ಸೋತಿತು, ನಿಜ. ಆದರೆ ಅದರಲ್ಲಿ ಆಕೆ ಹಾಡಿದ ‘ಪ್ಯಾರಡೈಸ್’ ಚಿತ್ರವನ್ನು ಮೀರಿ ಬದುಕಿತು, ಆ ಕಾಲದ ಬೇರೆ ಗಾಯಕರೂ ಅದನ್ನು ತಟ್ಟೆಗೆ ಹಾಡಿದರು. ತಗ್ಗಿನ ಸ್ಥಾಯಿಯ, ತುಸು ಒರಟಾದ ಆ ಕಂಠಕ್ಕೆ ಪರದೇಶದ ಉಚ್ಚಾರಣೆ ಕುಂದಾಗಲಿಲ್ಲ, ಅದೇ ಅದರ ರುಚಿ ಎಂಬುದು ನನ್ನ ಎಣಿಕೆ.

ಈ ಕಂಠಕ್ಕೆ ತಕ್ಕ ಪಾತ್ರ ದೊರೆತದ್ದು ಜರ್ಮನಿಗೆ ಮರಳಿದ ಮೇಲೆ, ವಿಲ್ಲಿ ಫೋರ್ಸ್ಟ್ ನಿರ್ದೇಶನದ 1935ರ ‘ಮಜೂರ್ಕಾ’ದಲ್ಲಿ. ಮಗಳನ್ನು ಉಳಿಸಲು ಕೊಲೆ ಮಾಡಿ ನ್ಯಾಯಾಲಯದಲ್ಲಿ ನಿಲ್ಲುವ ಹಾಡುಗಾರ್ತಿಯ ಪಾತ್ರವದು. ಹಾಲಿವುಡ್ಡಿನ ವಾರ್ನರ್ ಸಂಸ್ಥೆ ಆ ಕಥೆಯನ್ನು ಕೊಂಡು, 1937ರಲ್ಲಿ ಬೇರೊಬ್ಬ ನಟಿಯಿಂದ ಮತ್ತೆ ತೆಗೆಸಿತು. ‘ಮಜೂರ್ಕಾ’ದಿಂದ 1938ರವರೆಗೆ ಆಕೆ ಜರ್ಮನಿಯಲ್ಲಿ ಸಾಲಾಗಿ ನಟಿಸಿದರು. ತಮ್ಮ ತಟ್ಟೆಯ ಹಾಡು ಈ ಅವಧಿಯದು. ಇಂಥ ತಟ್ಟೆಗಳಿಗೆ ‘ಹಿಟ್ಲರನ ಪ್ರೇಯಸಿ’ ಎಂಬ ಕಥೆ ಕಟ್ಟಿ ಬೆಲೆ ಏರಿಸುವ ಮಾರಾಟಗಾರರಿದ್ದಾರೆ. ಆ ವದಂತಿಯನ್ನು ಅಚ್ಚುಮಾಡಿದ ಫ್ರೆಂಚ್ ಪತ್ರಿಕೆಯ ಮೇಲೆ ಆಕೆ ಮೊಕದ್ದಮೆ ಹೂಡಿ ಗೆದ್ದಿದ್ದರು. ಆ ಕಥೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. 1941ರಲ್ಲಿ ಅಮೆರಿಕಕ್ಕೆ ಮರಳಿ, ಅಲ್ಲಿ ಎರಡೇ ಚಿತ್ರಗಳಲ್ಲಿ ಕಾಣಿಸಿಕೊಂಡು, 1987ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ತೊಳೆಯುವ ವಿಷಯ. ಆ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ‘78’ರ ತಟ್ಟೆಗಳ ಮುಖ್ಯ ಅಂಟು ಅರಗು. ಅದು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಎಲ್‌ಪಿ (ನಂತರದ ಕಾಲದ ಪ್ಲಾಸ್ಟಿಕ್ ತಟ್ಟೆ) ಒರೆಸುವ ದ್ರವದಲ್ಲಿ ಸ್ಪಿರಿಟ್ ಇರುವುದನ್ನು ಗಮನಿಸದೆ ಒಂದು ಒಳ್ಳೆಯ ತಟ್ಟೆಯನ್ನು ನಾನೇ ಮಂಕು ಮಾಡಿಕೊಂಡಿದ್ದೇನೆ. ತಣ್ಣೀರಿಗೆ ಪಾತ್ರೆ ತೊಳೆಯುವ ಸೌಮ್ಯ ಸೋಪಿನ ಒಂದೆರಡು ಹನಿ ಬೆರೆಸಿ, ನಡುವಿನ ಕಾಗದ ನೆನೆಯದಂತೆ, ಮೆತ್ತನೆಯ ಬ್ರಷ್ಷನ್ನು ಗೆರೆಗಳ ಗುಂಟ ಸುತ್ತಿಸಿ, ಬೇರೆ ನೀರಿನಲ್ಲಿ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಎಲ್‌ಪಿಯ ಪಿನ್ನು ಈ ಅಗಲ ಗೆರೆಗಳ ತಳಕ್ಕಿಳಿದು ಬರೀ ಕರಕರ ಸದ್ದು ಹೊರಡಿಸುತ್ತದೆ. ತುದಿ ಸುಮಾರು 76 ಮೈಕ್ರಾನ್ ಇರುವ, 78ಕ್ಕೆಂದೇ ಮಾಡಿದ ಪಿನ್ನು ಬೇಕು. ಕೀಲಿ ಕೊಡುವ ಹಳೆಯ ಯಂತ್ರದಲ್ಲಾದರೆ ಪ್ರತಿ ಬದಿಗೂ ಹೊಸ ಉಕ್ಕಿನ ಪಿನ್ನನ್ನೇ ಹಾಕಿ. ಎಲ್‌ಪಿಗಾಗಿ ಹೊಂದಿಸಿದ ಆಂಪ್ಲಿಫೈಯರಿನಲ್ಲಿ ಮೇಲಿನ ಸ್ವರಗಳು ಕುಂದುವುದರಿಂದ ಮೊದಲೇ ತಗ್ಗಿನ ಈ ಕಂಠ ಇನ್ನೂ ಮಂಕಾಗಿ ಕೇಳಿಸುತ್ತದೆ. ಟ್ರೆಬಲ್ ಸ್ವಲ್ಪ ಏರಿಸಿಕೊಳ್ಳಿ.

ಕಾಗದದ ಅಂಚಿಗೂ ಕೊನೆಯ ಗೆರೆಗೂ ನಡುವೆ ಕೊರೆದಿರುವ ಸಣ್ಣ ಅಂಕಿಗಳನ್ನು ಓರೆ ಬೆಳಕಿನಲ್ಲಿ ಓದಿ, ಎರಡೂ ಬದಿಯವನ್ನು ಇಲ್ಲಿ ಬರೆದು ತಿಳಿಸಿ. ಮುದ್ರಣ ಯಾವ ವರ್ಷದ್ದೆಂದು ಹುಡುಕಲು ಅದರಿಂದ ನೆರವಾಗುತ್ತದೆ.