ಮೂವತ್ತಡಿ ರಸ್ತೆಗೆ ಐದು ಮಹಡಿ: ತಕರಾರು ಹೇಗೆ, ಎಲ್ಲಿ?

ಪ್ರಶ್ನೆ: ನಮ್ಮದು 30 ಅಡಿ ರಸ್ತೆ. 40×60ರ ಮೂರು ನಿವೇಶನ ಒಂದುಗೂಡಿಸಿ, ಸ್ಟಿಲ್ಟ್ (ವಾಹನ ನಿಲ್ಲಿಸಲು ಕಂಬಗಳ ನಡುವೆ ತೆರೆದು ಬಿಟ್ಟ ನೆಲಮಟ್ಟ) ಮೇಲೆ ಐದು ಮಹಡಿ, ಒಟ್ಟು 20 ಫ್ಲ್ಯಾಟ್ ಕಟ್ಟುತ್ತಾರಂತೆ. ಬೀದಿಯವರೆಲ್ಲ ಸಹಿ ಹಾಕಿ ‘ಅಪಾರ್ಟ್‌ಮೆಂಟ್ ಬೇಡ, ಹೊರಗಿನವರು, ಬಾಡಿಗೆಯವರು ಬಂದು ತುಂಬಿಕೊಳ್ಳುತ್ತಾರೆ’ ಎಂದು ಮನವಿ ಕೊಟ್ಟೆವು. ಉತ್ತರವೇ ಇಲ್ಲ. ಮುಂದೇನು?
— ನಿವಾಸಿಗಳು, ವಿದ್ಯಾನಗರ, ದಾವಣಗೆರೆ

ಉತ್ತರ: ಆ ಮನವಿಯನ್ನು ಬದಿಗಿಟ್ಟು ಹೊಸದಾಗಿ ಬರೆಯಿರಿ. ವಸತಿ ವಲಯದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವುದು ತನ್ನಷ್ಟಕ್ಕೆ ತಪ್ಪಲ್ಲ, ಅದಕ್ಕೆ ನೆರೆಯವರ ಒಪ್ಪಿಗೆಯೂ ಬೇಕಿಲ್ಲ. ಯಾರು ಬಂದು ವಾಸಿಸುತ್ತಾರೆ ಎಂಬ ಆಕ್ಷೇಪಕ್ಕೆ ಕಾನೂನಿನಲ್ಲಿ ಜಾಗವಿಲ್ಲ, ಇರಲೂಬಾರದು. ಬಾಡಿಗೆಗೆ ಬರುವವರೂ ತೆರಿಗೆ ಕಟ್ಟುವ, ಮಕ್ಕಳನ್ನು ಶಾಲೆಗೆ ಕಳಿಸುವ ಜನರೇ. ಆ ಸಾಲು ಇರುವವರೆಗೂ ನಿಮ್ಮ ನಿಜವಾದ ತಕರಾರನ್ನು ಯಾರೂ ಗಂಭೀರವಾಗಿ ಓದುವುದಿಲ್ಲ. ನಿಮ್ಮ ಬಲವಿರುವುದು ಅಳತೆಯಲ್ಲಿ.

ಮೊದಲು ಟೇಪು ಹಿಡಿದು ರಸ್ತೆ ಅಳೆಯಿರಿ. ಡಾಂಬರಿನ ಅಗಲವಲ್ಲ, ಚರಂಡಿಯೂ ಸೇರಿ ಈಚೆ ಬದಿಯ ನಿವೇಶನದ ಗಡಿಯಿಂದ ಆಚೆ ಬದಿಯ ಗಡಿಯವರೆಗೆ, ಮೂರು ಕಡೆ, ಫೋಟೊ ಸಹಿತ. 30 ಅಡಿ ಎಂದರೆ ಸುಮಾರು 9.1 ಮೀಟರ್. ಎಷ್ಟು ಎತ್ತರ ಕಟ್ಟಬಹುದು, ಎಷ್ಟು ಎಫ್‌ಎಆರ್ (ನಿವೇಶನದ ಅಳತೆಗೆ ಕಟ್ಟಡದ ಒಟ್ಟು ವಿಸ್ತೀರ್ಣದ ಅನುಪಾತ) ಸಿಗುತ್ತದೆ ಎಂಬುದು ರಸ್ತೆಯ ಅಗಲದ ಮೇಲೆ ನಿಂತಿರುವುದರಿಂದ, ನಕ್ಷೆಯಲ್ಲಿ ಅದನ್ನೇ 12 ಮೀಟರ್ ಎಂದು ತೋರಿಸುವುದು ಹಳೆಯ ಚಾಳಿ. ಬಡಾವಣೆಯ ಮೂಲ ನಕ್ಷೆಯಲ್ಲಿ ಬರೆದ ಅಗಲ ಪಕ್ಕದಲ್ಲಿದ್ದರೆ ಈ ಆಟ ನಡೆಯದು.

ಎಫ್‌ಎಆರ್ ಲೆಕ್ಕ ಸರಳ: ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಬೇಕು. ನಿಮ್ಮಲ್ಲಿ ನಿವೇಶನ 7,200 ಚದರ ಅಡಿ. ಮಹಡಿಗೆ 4,000 ಚದರ ಅಡಿ ಎಂದು ಹಿಡಿದರೂ ಐದು ಮಹಡಿಗೆ 20,000, ಎಫ್‌ಎಆರ್ 2.8ರ ಹತ್ತಿರ. ದಾವಣಗೆರೆ-ಹರಿಹರ ಮಹಾಯೋಜನೆಯ ವಲಯ ನಿಯಮಾವಳಿಯ ಪಟ್ಟಿಯಲ್ಲಿ 9 ಮೀಟರ್ ರಸ್ತೆಯ ಸಾಲು ನೋಡಿ, ಈ ಅಂಕಿಯನ್ನು ಅದರ ಪಕ್ಕ ಇಡಿ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಅನ್ನೂ ಹಾಗೆಯೇ. ಮೂರು ನಿವೇಶನ ಒಂದಾದ ಮೇಲೆ ಸೆಟ್‌ಬ್ಯಾಕ್ ಲೆಕ್ಕ ಕೂಡಿದ ಅಳತೆಗೇ ಆಗಬೇಕು. ಒಂದೊಂದು ಸೈಟಿನ ಸಣ್ಣ ಸೆಟ್‌ಬ್ಯಾಕನ್ನೇ ಉಳಿಸಿಕೊಂಡಿದ್ದರೆ ಅದು ತಕರಾರಿನ ದೊಡ್ಡ ಅಂಶ.

ದಾಖಲೆ ಪಡೆಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ಒಂದು ಅರ್ಜಿ ಮಹಾನಗರ ಪಾಲಿಕೆಗೆ: ಕಟ್ಟಡ ಪರವಾನಗಿ, ಮಂಜೂರಾದ ನಕ್ಷೆ, ಸ್ಥಳ ಪರಿಶೀಲನಾ ವರದಿ. ಇನ್ನೊಂದು ದೂಡಾಕ್ಕೆ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ): ಭೂ ಉಪಯೋಗ, ಬಡಾವಣೆ ನಕ್ಷೆ, ನಿವೇಶನ ಒಂದುಗೂಡಿಸಿದ ಆದೇಶ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಅಷ್ಟರಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣವನ್ನೂ ನೋಡಿ. ನಿವೇಶನ 500 ಚದರ ಮೀಟರ್ ಮೀರಿ, ಫ್ಲ್ಯಾಟೂ 8ಕ್ಕಿಂತ ಹೆಚ್ಚಿದ್ದರೆ ನೋಂದಣಿ ಆಗದೆ ಜಾಹೀರಾತು, ಬುಕಿಂಗ್ ಮಾಡುವಂತಿಲ್ಲ. ನಿಮ್ಮದು ಎರಡೂ ಲೆಕ್ಕದಲ್ಲಿ ಮೀರುತ್ತದೆ. ನೋಂದಣಿಯಾಗಿದ್ದರೆ ಮಂಜೂರಾದ ನಕ್ಷೆ ಅಲ್ಲಿಯೇ ಸಿಗುತ್ತದೆ.

ನೀರಿನ ಮಾತನ್ನೂ ಲೆಕ್ಕದಲ್ಲೇ ಹೇಳಿ. 20 ಮನೆ, ಮನೆಗೆ ಐವರು, ತಲೆಗೆ ದಿನಕ್ಕೆ 135 ಲೀಟರ್: ಒಟ್ಟು 13,500 ಲೀಟರ್. ಅದರಲ್ಲಿ ಸುಮಾರು ಶೇ 80, ಅಂದರೆ 10,800 ಲೀಟರ್, ಒಳಚರಂಡಿಗೆ ಇಳಿಯುತ್ತದೆ. ನಿಮ್ಮ ಬೀದಿಯ ಯುಜಿಡಿ (ಒಳಚರಂಡಿ) ಪೈಪಿನ ವ್ಯಾಸ ಎಷ್ಟು, ಮ್ಯಾನ್‌ಹೋಲ್ ಯಾವ ದಿನ ಉಕ್ಕಿತು, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ದಿನಾಂಕ ಸಹಿತ ಬರೆದಿಡಿ. ‘ನೀರಿಗೆ ತೊಂದರೆಯಾಗುತ್ತದೆ’ ಎನ್ನುವುದಕ್ಕೂ ಈ ಪಟ್ಟಿಗೂ ಅಜಗಜಾಂತರ.

ಪರಿಸರ ಅನುಮತಿಯ ಬೆನ್ನು ಹತ್ತಬೇಡಿ. 2006ರ ಅಧಿಸೂಚನೆಯಲ್ಲಿ ಅದು 20,000 ಚದರ ಮೀಟರ್ ನಿರ್ಮಾಣದಿಂದ ಶುರು. ನಿಮ್ಮ ಪಕ್ಕದ್ದು 20,000 ಚದರ ಅಡಿ, ಅಂದರೆ 1,860 ಚದರ ಮೀಟರ್ ಆಸುಪಾಸು. ಆದರೆ ಭೂ ಉಪಯೋಗ ಬದಲಾವಣೆ ಕೇಳಿದ್ದರೆ, ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಲೇಬೇಕು. ಆ ಪ್ರಕಟಣೆಯ ಗಡುವು ತಪ್ಪಿಸಿಕೊಳ್ಳಬೇಡಿ.

ತಕರಾರು ಅರ್ಜಿಯನ್ನು ಆಯುಕ್ತರ ಹೆಸರಿಗೆ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಲಿಖಿತ ಹಿಂಬರಹ, ಅಂದರೆ ಕಚೇರಿಯ ಬರಹದ ಉತ್ತರ, ಕೇಳಿ. ‘ನಿಮಗೇನು ಸಂಬಂಧ’ ಎಂದರೆ ಉಡುಪಿಯ ಪ್ರಕರಣ ನೆನಪಿಸಿ: ವಸತಿ ಪ್ರದೇಶದಲ್ಲಿ ನಿಯಮ ಮೀರಿ ಸಿನಿಮಾ ಕಟ್ಟಡಕ್ಕೆ ಪುರಸಭೆ ಕೊಟ್ಟ ಅನುಮತಿಯನ್ನು ನೆರೆಯ ನಿವಾಸಿ ಪ್ರಶ್ನಿಸಬಹುದು ಎಂದು 1974ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೈಕೋರ್ಟಿಗೆ ಹೋಗುವುದಾದರೆ ಪಾಯ ಏಳುವಾಗಲೇ ಹೋಗಿ. ಮೂರನೆಯ ಸ್ಲ್ಯಾಬ್ ಬಿದ್ದ ಮೇಲೆ ಹೋದರೆ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಎಂಬುದೇ ಮೊದಲ ಪ್ರಶ್ನೆ.

ಪ್ರಶ್ನೆ: ಪಕ್ಕದಲ್ಲಿ ಸೆಲ್ಲರ್‌ಗೆಂದು ಹತ್ತು ಅಡಿ ಅಗೆಯುತ್ತಿದ್ದಾರೆ. ನಮ್ಮ ಗೋಡೆಯಲ್ಲಿ ಬಿರುಕು ಕಂಡಿದೆ. ‘ಹಳೇ ಬಿರುಕು’ ಎನ್ನುತ್ತಾರೆ.
— ಓದುಗರು, ಹದಡಿ ರಸ್ತೆ, ದಾವಣಗೆರೆ

ಉತ್ತರ: ಎರೆಮಣ್ಣಿನ ನೆಲದಲ್ಲಿ ಈ ವಾದ ಯಾವಾಗಲೂ ಬರುತ್ತದೆ, ಏಕೆಂದರೆ ಎರೆ ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಹಿಗ್ಗುತ್ತದೆ, ಬಿರುಕೂ ಅದರಂತೆ ತೆರೆದು ಮುಚ್ಚುತ್ತದೆ. ಹಳೆಯ ಬಿರುಕಿನೊಳಗೆ ಧೂಳು, ಸುಣ್ಣ, ಬಣ್ಣ ಇಳಿದಿರುತ್ತದೆ. ಹೊಸದರ ಅಂಚು ಚೂಪು, ಒಳಗೆ ಸ್ವಚ್ಛ. ಇವತ್ತೇ ಪಕ್ಕದಲ್ಲಿ ಸ್ಕೇಲ್ ಇಟ್ಟು ಎಲ್ಲ ಕೋಣೆ, ಕಾಂಪೌಂಡ್, ಸಂಪಿನ ಫೋಟೊ ತೆಗೆಯಿರಿ. ಆಮೇಲೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ, ದಿನಾಂಕ ಬರೆಯಿರಿ. ಬಣ್ಣದ ಮೇಲೆ ಅಂಟಿಸಿದರೆ ಬಣ್ಣವೇ ಕಿತ್ತು ಬರುತ್ತದೆ. ಗಾರೆಯವರೆಗೆ ಕೆರೆದೇ ಅಂಟಿಸಿ. ಗಾಜು ಒಡೆದರೆ ಗೋಡೆ ಕದಲಿದೆ ಎಂದೇ ಅರ್ಥ.

ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಿ, ಬಿಲ್ಡರ್‌ಗೂ ಪಾಲಿಕೆಗೂ ಕಳಿಸಿ. ಕೇಳಬೇಕಾದ್ದು ಎರಡು: ಅಗೆದ ಅಂಚಿಗೆ ಆಸರೆ, ಮತ್ತು ಇಡೀ ಉದ್ದವನ್ನು ಒಮ್ಮೆಲೇ ಅಗೆಯದೆ ತುಂಡು ತುಂಡಾಗಿ ಅಗೆದು ತಡೆಗೋಡೆ ಏರಿಸುವುದು. ನಿಮ್ಮ ಸಂಪು, ಯುಜಿಡಿ ಪೈಪು ಸೋರದಂತೆ ನೋಡಿಕೊಳ್ಳಿ. ನೆಟ್ಟಗೆ ಕಡಿದ ಎರೆ ಒದ್ದೆಯಾದರೆ ಹೇಳದೆ ಕೇಳದೆ ಜರಿಯುತ್ತದೆ. ಬಾಗಿಲು ಬಿಗಿಯತೊಡಗಿದರೆ, ನೆಲ ಕುಸಿದರೆ ಪತ್ರ ಬರೆಯುತ್ತ ಕೂರಬೇಡಿ. ಆ ಕೋಣೆ ಖಾಲಿ ಮಾಡಿ, ಅದೇ ದಿನ ಪಾಲಿಕೆಗೂ ಠಾಣೆಗೂ ದೂರು ಕೊಡಿ.

ಪ್ರಶ್ನೆ: ಅನುಮತಿ ಮೂರು ಮಹಡಿಗೆ, ನಾಲ್ಕನೆಯದು ಏಳುತ್ತಿದೆ. ಏನು ಮಾಡಬಹುದು?
— ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ದಿನಾಂಕವಿರುವ ಫೋಟೊ ಲಗತ್ತಿಸಿ, ಪೌರ ನಿಗಮಗಳ ಕಾಯ್ದೆ 1976ರ 321ನೇ ಕಲಮಿನಡಿ ಕ್ರಮ ಕೋರಿ ಆಯುಕ್ತರಿಗೆ ದೂರು ಕೊಡಿ. ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸು, ಬಳಿಕ ದೃಢೀಕರಣ, ಇದು ಅದರ ಕ್ರಮ. ಎಷ್ಟೋ ಕಡತಗಳು ಮೊದಲ ನೋಟಿಸಿನಲ್ಲೇ ನಿಂತುಬಿಡುತ್ತವೆ. ದೃಢೀಕರಣ ಆದೇಶದ ಪ್ರತಿ ಸಿಗುವವರೆಗೂ ಬಿಡಬೇಡಿ. ಮಂಜೂರಾದ ನಕ್ಷೆಯನ್ನು ನಿರ್ಮಾಣ ಸ್ಥಳದಲ್ಲಿ ಪ್ರದರ್ಶಿಸಬೇಕು, ಪೂರ್ಣತಾ ಅಥವಾ ಸ್ವಾಧೀನ ಪತ್ರವಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನಿರ್ದೇಶಿಸಿದೆ. ಹಾಗಾಗಿ ದೂರಿನ ಒಂದೊಂದು ಪ್ರತಿಯನ್ನು ಬೆಸ್ಕಾಂ ಕಚೇರಿಗೂ ಪಾಲಿಕೆಯ ನೀರು ಸರಬರಾಜು ವಿಭಾಗಕ್ಕೂ ಈಗಲೇ ತಲುಪಿಸಿ.