ಕರಿ ಪೈಪ್ ಬಾಳಿತು, ಬಿಳಿ ಪೈಪ್ ಸೀಳಿತು: ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಪ್ಲಾಸ್ಟಿಕ್ಕಿನ ಮೇಲೆಯೇ. ವಿಜಯಪುರದಲ್ಲಿ ವರ್ಷಾನುಗಟ್ಟಲೆ ರಸಾಯನಶಾಸ್ತ್ರ ಪಾಠ ಹೇಳಿದ ನನಗೆ ಮೊದಲ ತಕರಾರು ಈ ಪದದ ಮೇಲೆಯೇ ಇದೆ. ಯಾರಾದರೂ ‘ಹೊಲಕ್ಕೆ ಕಾಳು ಹಾಕೀನಿ’ ಅಂದರೆ ‘ಯಾವ ಕಾಳು? ಜೋಳವೋ ಕಡಲೆಯೋ?’ ಎಂದು ಕೇಳುತ್ತೇವೆ. ಪ್ಲಾಸ್ಟಿಕ್ ಅಂದಾಗ ಮಾತ್ರ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಸರ್, ನಮ್ಮ ದ್ರಾಕ್ಷಿ ಪಡದಾಗ ಡ್ರಿಪ್ಪಿನ ಕರಿ ಪೈಪಿಗೆ ಒಂಬತ್ತು ವರ್ಷ ಆತು, ಇನ್ನೂ ಗಟ್ಟಿ ಐತಿ. ಬಾವಿ ಹತ್ರ ಬಿಸಲಾಗ ಬಿಟ್ಟಿದ್ದ ಬಿಳಿ ಪೈಪ್ ಹಳದಿ ಆಗಿ, ಕಾಲು ತಾಗಿದ್ರ ಸಾಕು ಸೀಳತೈತಿ. ಶೇಂಗಾದ ಮ್ಯಾಲ ಹೊಚ್ಚಿದ್ದ ತಾಡಪತ್ರಿ ಒಂದ ಬ್ಯಾಸಗಿಗೆ ಹಪ್ಪಳ ಆತು. ಎಲ್ಲಾ ಪ್ಲಾಸ್ಟಿಕ್ಕೇ ಅಲ್ಲೇನ್ರಿ?
(ತಿಕೋಟಾದ ದ್ರಾಕ್ಷಿ ಬೆಳೆಗಾರರು)

ಪ್ಲಾಸ್ಟಿಕ್ಕೇ ಖರೆ ಅಣ್ಣಾರ, ಆದರೆ ಒಂದೇ ಪ್ಲಾಸ್ಟಿಕ್ ಅಲ್ಲ. ಕರಿ ಪೈಪ್ ಪಾಲಿಥಿನ್, ಬಿಳಿಯದು ಪಿವಿಸಿ. ತಾಡಪತ್ರಿಯೂ ಸಾಮಾನ್ಯವಾಗಿ ಪಾಲಿಥಿನ್ನೇ, ತೆಳು ಪಟ್ಟಿಗಳನ್ನು ಚಾಪೆಯಂತೆ ನೇಯ್ದು ಮೇಲೊಂದು ಪದರ ಕೊಟ್ಟಿರುತ್ತಾರೆ. ಮೂರಕ್ಕೂ ವೈರಿ ಒಬ್ಬನೇ, ನಮ್ಮ ಬಿಸಿಲು.

ಪ್ಲಾಸ್ಟಿಕ್ ಅಂದರೆ ಬಹಳ ಉದ್ದುದ್ದ ಅಣುಗಳ ಗಂಟು. ತಾಟಿನಲ್ಲಿ ಬಡಿಸಿದ ಶಾವಿಗೆ ನೆನೆಸಿಕೊಳ್ಳಿ. ಎಳೆ ಉದ್ದವಿದ್ದಷ್ಟೂ ಒಂದರೊಳಗೊಂದು ಸಿಕ್ಕಿಕೊಂಡು ಬಿಗಿಯುತ್ತದೆ. (ಅಣುಗಳು ಇಷ್ಟು ಉದ್ದ ಇರುತ್ತವೆ ಎಂದು ಜರ್ಮನಿಯ ಹೆರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ದೊಡ್ಡ ದೊಡ್ಡ ವಿಜ್ಞಾನಿಗಳೇ ಒಪ್ಪಲಿಲ್ಲ. ನೊಬೆಲ್ ಬಂದದ್ದು 1953ರಲ್ಲಿ.) ಬಿಸಿಲಿನ ಅತಿನೇರಳೆ ಕಿರಣ ಈ ಎಳೆಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ತುದಿಗೆ ಗಾಳಿಯ ಆಮ್ಲಜನಕ ಬಾಯಿ ಹಾಕಿ ಮತ್ತಷ್ಟು ತುಂಡು ಮಾಡುತ್ತದೆ. ಶಾವಿಗೆ ಹೋಗಿ ನುಚ್ಚು ಉಳಿಯುತ್ತದೆ. ನುಚ್ಚಿಗೆ ಎಲ್ಲಿಯ ಬಿಗಿ? ನಿಮ್ಮ ತಾಡಪತ್ರಿ ಹಪ್ಪಳವಾದದ್ದು ಹೀಗೆ.

ಹಾಗಾದರೆ ಕರಿ ಪೈಪ್ ಉಳಿದದ್ದು ಹೇಗೆ? ಆ ಕಪ್ಪು ಚಂದಕ್ಕೆ ಹಾಕಿದ್ದಲ್ಲ. ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಮಸಿ ಅದು, ಲಾಟೀನಿನ ಗಾಜಿಗೆ ಹಿಡಿಯುತ್ತಿತ್ತಲ್ಲ, ಅದೇ ಬಳಗದ್ದು. ನೂರು ಕಿಲೋ ಪಾಲಿಥಿನ್ನಿಗೆ ಎರಡರಿಂದ ಮೂರು ಕಿಲೋ ಸಾಕು. ಅತಿನೇರಳೆ ಕಿರಣ ಎಳೆಗೆ ತಾಗುವ ಮೊದಲೇ ಈ ಮಸಿ ಅದನ್ನು ಹೀರಿ ಬರೀ ಶಾಖ ಮಾಡಿಬಿಡುತ್ತದೆ. ಪೈಪ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ ನಿಜ, ಆದರೆ ಎಳೆ ಉಳಿಯುತ್ತದೆ. ಕೃಷಿ ಹೊಂಡಕ್ಕೆ ಹಾಸುವ ಹಾಳೆ ಕಪ್ಪಾಗಿರುವುದಕ್ಕೂ ಇದೇ ಕಾರಣ.

ಡ್ರಿಪ್ಪಿನ ತೂತು ಕಟ್ಟಿಕೊಂಡಾಗ ನೀವು ಆ್ಯಸಿಡ್ ಬಿಡುತ್ತೀರಿ. ನಮ್ಮ ಬೋರಿನ ಗಡಸು ನೀರಿನ ಸುಣ್ಣ ಕರಗುತ್ತದೆ, ಪೈಪಿಗೆ ಏನೂ ಆಗುವುದಿಲ್ಲ. ಪಾಲಿಥಿನ್ ಅಷ್ಟು ನಿರ್ಲಿಪ್ತ. ಅದು ಹುಟ್ಟಿದ್ದೂ ಬೇಡದ ಕೂಸಾಗಿ. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಥಿಲೀನ್ ಅನಿಲಕ್ಕೆ ಬೆಂಜಾಲ್ಡಿಹೈಡ್ ಸೇರಿಸಿ ಭಾರೀ ಒತ್ತಡ ಕೊಟ್ಟರು. ಅವರು ಕಾದಿದ್ದು ಬೇರೆಯದಕ್ಕೆ, ಪಾತ್ರೆಯಲ್ಲಿ ಸಿಕ್ಕಿದ್ದು ಮೇಣದಂಥ ಬಿಳಿ ಪದಾರ್ಥ, ಎಥಿಲೀನ್ ಅಣುಗಳೇ ಸರಪಳಿಯಾಗಿ ಕೂಡಿದ ಪಾಲಿಥಿನ್. ಎರಡನೇ ಮಹಾಯುದ್ಧದಲ್ಲಿ ಅದು ರಾಡಾರ್ ಕೇಬಲ್ಲಿಗೆ ಹೊದಿಕೆಯಾಯಿತು. ನಿಮ್ಮ ಪಡಕ್ಕೆ ಬಂದದ್ದು ಆಮೇಲಿನ ಕಥೆ.

ಇನ್ನು ಬಿಳಿ ಪೈಪ್. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಬಿಸಿಲು ಬಿದ್ದರೆ ಅದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಸ್ವಲ್ಪ ಸ್ವಲ್ಪವೇ ಬಿಟ್ಟುಹೋಗುತ್ತದೆ. ಹಳದಿ ಬಣ್ಣ ಅದರ ಗುರುತು. ಅದೇ ಪೈಪನ್ನು ಎರಡಡಿ ಆಳದಲ್ಲಿ ಹೂತರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದ್ದೀತು. ಹೂಳಲಿಕ್ಕಾಗದ ಕಡೆ ನೀರಿನಲ್ಲಿ ಕಲಸುವ ತಿಳಿಬಣ್ಣದ ಪೇಂಟ್ ಬಳಿಯಿರಿ, ಥಿನ್ನರ್ ಬೆರೆಸುವ ಪೇಂಟ್ ಬೇಡ. ತಾಡಪತ್ರಿ ಕೊಳ್ಳುವಾಗ ಬಣ್ಣ ನೋಡಬೇಡಿ, ‘ಯುವಿ ಇದೆಯಾ’ (ಅತಿನೇರಳೆ ಕಿರಣ ತಡೆಯುವ ಮದ್ದು ಬೆರೆಸಿದೆಯಾ) ಎಂದು ಕೇಳಿ. ಕೆಲಸ ಮುಗಿದ ಮೇಲೆ ಮಡಚಿ ಒಳಗಿಡಿ. ಅಳಿಲು ಕಡಿದ ಪೈಪಿಗೆ ಮಾತ್ರ ನನ್ನ ಶಾಸ್ತ್ರದಲ್ಲಿ ಮದ್ದಿಲ್ಲ.

ಪ್ರಶ್ನೆ: ಪ್ಲಾಸ್ಟಿಕ್ಕನ್ನು ಪೆಟ್ರೋಲಿಯಂನಿಂದ ಮಾಡುತ್ತಾರೆ ಎಂದು ಓದಿದೆ. ಹಾಗಾದರೆ ಅದಕ್ಕೂ ಮೊದಲು ಪ್ಲಾಸ್ಟಿಕ್ ಇರಲೇ ಇಲ್ಲವೇ? ಅದನ್ನು ಕಂಡುಹಿಡಿದವರು ಯಾರು?
(ಗೋಕಾಕದ ಪಿಯುಸಿ ವಿದ್ಯಾರ್ಥಿನಿ)

ಒಳ್ಳೆಯ ಪ್ರಶ್ನೆ ತಂಗಿ. ಮೊದಲ ಪ್ಲಾಸ್ಟಿಕ್ ಬಂದದ್ದು ಹತ್ತಿಯಿಂದ! ಹತ್ತಿಯ ಸೆಲ್ಯುಲೋಸಿಗೆ ನೈಟ್ರಿಕ್ ಆಮ್ಲದ ಸಂಸ್ಕಾರ ಕೊಟ್ಟು ಅಲೆಕ್ಸಾಂಡರ್ ಪಾರ್ಕ್ಸ್ ಒಂದು ಪದಾರ್ಥ ಮಾಡಿ 1862ರ ಲಂಡನ್ ಪ್ರದರ್ಶನದಲ್ಲಿಟ್ಟ. ಕೆಲವು ವರ್ಷಗಳ ನಂತರ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಅದಕ್ಕೆ ಕರ್ಪೂರ ಬೆರೆಸಿ ಸೆಲ್ಯುಲಾಯ್ಡ್ ಮಾಡಿದ. ಹೌದು, ನಾವು ಆರತಿಗೆ ಹಚ್ಚುವ ಕರ್ಪೂರವೇ. ಬಿಲಿಯರ್ಡ್ಸ್ ಚೆಂಡಿಗೆ ಆನೆದಂತ ಸಾಲದೆ ಬದಲಿ ಹುಡುಕುತ್ತಿದ್ದ ಕಾಲ ಅದು. ಬಾಚಣಿಗೆ, ಸಿನಿಮಾ ರೀಲು ಎಲ್ಲ ಅದರಿಂದಲೇ ಆದವು. ಬೇಗ ಬೆಂಕಿ ಹಿಡಿಯುವುದೊಂದೇ ಅದರ ಕೆಟ್ಟ ಗುಣ. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಕೂಡಿಸಿ ಬೇಕಲೈಟ್ ಮಾಡಿದ. ಗಿಡ, ಪ್ರಾಣಿ ಯಾವುದರ ಹಂಗೂ ಇಲ್ಲದ ಮೊದಲ ಪ್ಲಾಸ್ಟಿಕ್ ಅದು. ಅಜ್ಜನ ಮನೆಯ ಕಪ್ಪು ಗುಂಡು ಸ್ವಿಚ್ ನೋಡಿದ್ದರೆ ನೀನು ಬೇಕಲೈಟ್ ನೋಡಿದ್ದೀ.

ಇಲ್ಲೊಂದು ಭೇದ ತಿಳಿದುಕೊ. ಮಹಾಲಿಂಗಪುರದ ಬೆಲ್ಲದ ಪೆಂಟೆ ಕಾಯಿಸಿದರೆ ಪಾಕವಾಗುತ್ತದೆ, ಆರಿದರೆ ಮತ್ತೆ ಬೆಲ್ಲ. ಕೊಡ, ಬಕೆಟ್, ಪೈಪ್ ಎಲ್ಲ ಈ ಜಾತಿ, ಕರಗಿಸಿ ಮತ್ತೆ ಅಚ್ಚು ಹೊಯ್ಯಬಹುದು. ಬೇಕಲೈಟ್ ಜೋಳದ ರೊಟ್ಟಿಯ ಜಾತಿ. ಒಮ್ಮೆ ಬೆಂದರೆ ತಿರುಗಿ ಹಿಟ್ಟಾಗುವುದಿಲ್ಲ. ಕುಕ್ಕರಿನ ಹಿಡಿಕೆ ಒಲೆಯ ಕಾವಿಗೆ ಕರಗದಿರುವುದು, ಗುಜರಿಯವರು ಅದನ್ನು ತೆಗೆದುಕೊಳ್ಳದಿರುವುದು, ಎರಡೂ ಅದೇ ಗುಣದಿಂದ.

ನಿನ್ನೂರಿನ ಸುತ್ತ ಕಬ್ಬಿದೆಯಲ್ಲ, ಅದಕ್ಕೂ ಪ್ಲಾಸ್ಟಿಕ್ಕಿಗೂ ಹಳೆಯ ನಂಟು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮದ್ಯಸಾರ ಬರುತ್ತದೆ, ಅದರಿಂದ ನೀರಿನಂಶ ತೆಗೆದರೆ ಎಥಿಲೀನ್. ಬಂಗಾಳದ ರಿಶ್ರಾದಲ್ಲಿ ಪಾಲಿಥಿನ್ ತಯಾರಿಕೆ ಶುರುವಾದದ್ದು ಇಂಥ ಎಥಿಲೀನ್‌ನಿಂದಲೇ. ಬ್ರೆಜಿಲಿನ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನ ಎಥನಾಲಿನಿಂದಲೇ ಪಾಲಿಥಿನ್ ಮಾಡುತ್ತಿದೆ. ಆದರೆ ‘ಕಬ್ಬಿನ ಪ್ಲಾಸ್ಟಿಕ್’ ಎಂಬ ಹೆಸರು ಕೇಳಿ ಅದು ಗೊಬ್ಬರವಾಗುತ್ತದೆ ಎಂದುಕೊಳ್ಳಬೇಡ. ಕಬ್ಬಿನಿಂದ ಬಂದರೂ ನೆಲದೆಣ್ಣೆಯಿಂದ ಬಂದರೂ ಪಾಲಿಥಿನ್ ಅಣು ಒಂದೇ, ತಿಪ್ಪೆಯಲ್ಲಿ ಎರಡೂ ಕೊಳೆಯುವುದಿಲ್ಲ.

ಪ್ರಶ್ನೆ: ಡಬ್ಬಿಯೊಳಗ ಉಪ್ಪಿನಕಾಯಿ ಹಾಕಿಟ್ರ ಎಷ್ಟ ತಿಕ್ಕಿದ್ರೂ ವಾಸನಿ ಹೋಗಂಗಿಲ್ರಿ, ಅರಿಷಿಣದ ಕಲಿ ಹಂಗ ಉಳೀತೈತಿ. ಸ್ಟೀಲಿಗೆ ಹಿಂಗ ಆಗಂಗಿಲ್ಲ. ಮತ್ತ ಬಿಸಿ ಸಾರು ಚೀಲದಾಗ ಕಟ್ಟಿಸಿಕೊಂಡ ಬಂದ್ರ ನಡೀತೈತೇನ್ರಿ?
(ಬಾಗಲಕೋಟೆ ನವನಗರದ ಗೃಹಿಣಿ)

ಎಣ್ಣೆಯೂ ಡಬ್ಬಿಯ ಪ್ಲಾಸ್ಟಿಕ್ಕೂ ರಸಾಯನದ ಲೆಕ್ಕದಲ್ಲಿ ಬೀಗರು ಅಕ್ಕಾರ. ಎರಡರಲ್ಲೂ ಇಂಗಾಲ-ಹೈಡ್ರೋಜನ್ನಿನ ಸರಪಳಿ. ಹಾಗಾಗಿ ಎಣ್ಣೆ ಮೇಲೆ ನಿಲ್ಲದೆ ಒಳಗೆ ಇಳಿಯುತ್ತದೆ, ಹೋಗುವಾಗ ಇಂಗಿನ ವಾಸನೆ, ಅರಿಷಿಣದ ಬಣ್ಣವನ್ನೂ ಕರೆದೊಯ್ಯುತ್ತದೆ. ಸ್ಟೀಲಿನಲ್ಲಿ ಒಳಗೆ ಹೋಗಲು ಜಾಗವಿಲ್ಲ. ಕಲೆ ಬಿದ್ದ ಡಬ್ಬಿಯನ್ನು ತೊಳೆದು ಒಂದೆರಡು ದಿನ ಬಿಸಿಲಿಗಿಡಿ. ಅರಿಷಿಣದ ಬಣ್ಣ ಬಿಸಿಲಿಗೆ ತಾಳುವುದಿಲ್ಲ. ವಾರಗಟ್ಟಲೆ ಬಿಟ್ಟರೆ ತಿಕೋಟಾದವರ ಪೈಪಿನ ಗತಿ ಬಂದೀತು. ಉಪ್ಪಿನಕಾಯಿಗೆ ಭರಣಿಯೇ ಸರಿ.

ಬಿಸಿ ಪದಾರ್ಥಕ್ಕೆ ಮೊದಲು ಡಬ್ಬಿಯನ್ನು ಬೋರಲು ಹಾಕಿ ತ್ರಿಕೋನದೊಳಗಿನ ಅಂಕಿ ನೋಡಿ. 5 ಎಂದಿದ್ದರೆ ಪಾಲಿಪ್ರೊಪಿಲೀನ್, ಅದು ಕರಗಲು ಸುಮಾರು 160 ಡಿಗ್ರಿ ಬೇಕು. 1 ಎಂದರೆ ನೀರಿನ ಬಾಟಲಿಯ ‘ಪೆಟ್’ ಎಂಬ ಪ್ಲಾಸ್ಟಿಕ್, ಅದು 70-80 ಡಿಗ್ರಿಗೇ ಮೆತ್ತಗಾಗುತ್ತದೆ. ಖಾಲಿ ಬಾಟಲಿಗೆ ಬಿಸಿ ನೀರು ಹಾಕಿದಾಗ ಅದು ಮುದುಡುವುದನ್ನು ನೀವೇ ನೋಡಿರುತ್ತೀರಿ. ತೆಳು ಕ್ಯಾರಿಬ್ಯಾಗಿನಲ್ಲಿ ಕುದಿಯುವ ಸಾರು ಬೇಡವೇ ಬೇಡ. ಅದರಲ್ಲೂ ಕಪ್ಪು ಚೀಲ ಹೆಚ್ಚಾಗಿ ಹಳೆಯ ಕಸ ಕರಗಿಸಿ ಮಾಡಿದ್ದು, ಅದರ ಹಿಂದಿನ ಜನ್ಮ ಏನಿತ್ತೋ ಯಾರಿಗೆ ಗೊತ್ತು. ಹೋಟೆಲಿಗೆ ಹೋಗುವಾಗ ಸ್ಟೀಲ್ ಡಬ್ಬಿ ಒಯ್ಯಿರಿ.

ಪ್ರಶ್ನೆ: ಅಂಗಡಿಯಲ್ಲಿ ಬಟ್ಟೆಯ ಹಾಗೆ ಕಾಣುವ ಬಣ್ಣದ ಚೀಲ ಕೊಡುತ್ತಿದ್ದೇನೆ. ಅದೂ ಪ್ಲಾಸ್ಟಿಕ್ ಎಂದು ಗಿರಾಕಿಯೊಬ್ಬರು ಜಗಳಾಡಿದರು. ಯಾರದು ಸರಿ?
(ಬೆಳಗಾವಿ ಖಡೇಬಜಾರದ ವ್ಯಾಪಾರಿ)

ಗಿರಾಕಿಯದೇ. ನಾನ್‌ವೋವನ್ ಚೀಲ ಪಾಲಿಪ್ರೊಪಿಲೀನ್, ಗೊಬ್ಬರದ ಚೀಲದ ತಮ್ಮ. ಕರಗಿಸಿ ಎಳೆ ಮಾಡಿ, ನೇಯದೆ ಕಾಯಿಸಿ ಒತ್ತಿರುತ್ತಾರೆ. ಕೇಂದ್ರದ ನಿಯಮದಲ್ಲಿ ಅದು ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ಇರಬಾರದು. ಮಾಮೂಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗಂತೂ ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧವಿದೆ, ದಪ್ಪ ಎಷ್ಟೇ ಇರಲಿ. ಹತ್ತಿಯ ಪಿಶವಿ ಇಡಿ, ಬೇಕಾದರೆ ದುಡ್ಡು ತೆಗೆದುಕೊಳ್ಳಿ.

ಪ್ರಶ್ನೆ: ಇಳಕಲ್ ಸೀರೆಯ ಚಮಕಾ ನೂಲು ಪ್ಲಾಸ್ಟಿಕ್ಕೇ? ಪಾಲಿಯೆಸ್ಟರ್ ಬೆರೆಸಿ ಮಾರುತ್ತಾರೆ ಎಂದೂ ಕೇಳಿದ್ದೇನೆ. ಗುರುತಿಸುವುದು ಹೇಗೆ?
(ಹುನಗುಂದದ ಶಿಕ್ಷಕಿ)

ಚಮಕಾ, ಅಂದರೆ ಆರ್ಟ್ ಸಿಲ್ಕ್, ರೇಯಾನ್ ನೂಲು. ಮರದ ತಿರುಳಿನ ಸೆಲ್ಯುಲೋಸನ್ನು ಕರಗಿಸಿ ಮತ್ತೆ ಎಳೆ ಮಾಡಿದ್ದು, ಹಾಗಾಗಿ ಅದು ಹತ್ತಿಯ ಕುಲದ್ದು. ಪಾಲಿಯೆಸ್ಟರ್ ಮಾತ್ರ ಅಪ್ಪಟ ಪ್ಲಾಸ್ಟಿಕ್, ನೀರಿನ ಬಾಟಲಿಯ ‘ಪೆಟ್’ ಪ್ಲಾಸ್ಟಿಕ್ಕೇ ನೂಲಾಗಿ ಬಂದದ್ದು. ಕಣ್ಣಿಗೆ ಎರಡೂ ಒಂದೇ ಮಿಂಚು, ಬೆಂಕಿಗೆ ಮಾತ್ರ ಬೇರೆ. ಎರಡೆಳೆ ಬಿಡಿಸಿಕೊಂಡು ದೀಪಕ್ಕೆ ಹಿಡಿಯಿರಿ. ರೇಯಾನ್ ಆದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಕೊನೆಗೆ ಗಟ್ಟಿ ಕರಿ ಮಣಿಯಾಗುತ್ತದೆ. ಎಳೆಯನ್ನು ಚಿಮಟಿಗೆಯಲ್ಲಿ ಹಿಡಿಯಿರಿ, ಕರಗಿದ ಹನಿ ಬೆರಳಿಗೆ ಅಂಟಿದರೆ ಚರ್ಮವನ್ನೂ ಕಿತ್ತುಕೊಂಡೇ ಬರುತ್ತದೆ. ಮತ್ತೆ ಎಳೆಯನ್ನು ಸೀರೆಯ ಒಳ ತುದಿಯಿಂದ ತೆಗೆಯಿರಿ, ಸೆರಗಿಗೆ ಕೈ ಹಾಕಬೇಡಿ.